ಬಂಡೆ, ಬಿಸಿಲು, ನೀರು: ಮಧುಗಿರಿ ಸೀಮೆಯಲ್ಲಿ ಟ್ರೇಲ್ ಓಟಕ್ಕೆ ಸಿದ್ಧತೆ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದೇ ಉಪವಿಭಾಗ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅವು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಓಟಗಾರರ ಲೆಕ್ಕದಲ್ಲಿಯೂ ಈ ನಾಲ್ಕನ್ನು ಒಂದೇ ಅಂಗಳವೆಂದು ಪರಿಗಣಿಸಬಹುದು. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿ ಏಕಶಿಲಾ ಬೆಟ್ಟ, ಕುರುಚಲು ಕಾಡು, ಕೆರೆ ಏರಿ, ಬಂಡಿ ಜಾಡು, ನೆರಳಿಲ್ಲದ ಬಯಲು ಎಲ್ಲವೂ ಇಲ್ಲಿ ಒಟ್ಟಿಗೆ ದೊರೆಯುತ್ತವೆ.

ನಗರದ ಉದ್ಯಾನಗಳಲ್ಲಿ, ಡಾಂಬರು ರಸ್ತೆಗಳಲ್ಲಿ ಅಭ್ಯಾಸ ಮಾಡಿದವರು ಟ್ರೇಲ್ ಓಟಕ್ಕೆ ಹೆಸರು ನೋಂದಾಯಿಸುವುದು ಈಗ ಸಾಮಾನ್ಯವಾಗಿದೆ. ಆದರೆ ಇಂಥ ನೆಲದಲ್ಲಿ ಓಟಗಾರನನ್ನು ಮಧ್ಯದಾರಿಯಲ್ಲಿ ನಿಲ್ಲಿಸುವುದು ವೇಗದ ಕೊರತೆಯಲ್ಲ. ಬಿಸಿಲು, ನೀರಿನ ಲೆಕ್ಕಾಚಾರದ ತಪ್ಪು ಮತ್ತು ಇಳಿಜಾರಿಗೆ ಪಳಗದ ಕಾಲು, ಈ ಮೂರು ಸೇರಿ ಓಟವನ್ನು ಅಪಾಯಕ್ಕೆ ತಿರುಗಿಸುತ್ತವೆ. ಆದ್ದರಿಂದ ಸಿದ್ಧತೆಯೂ ಈ ಮೂರರ ಸುತ್ತಲೇ ಇರಬೇಕು.

ಏನಿದು ಟ್ರೇಲ್ ಓಟ?

ರಸ್ತೆಯನ್ನು ಬಿಟ್ಟು ಕಾಲುಹಾದಿ, ಕಾಡುದಾರಿ, ಬೆಟ್ಟದ ಜಾಡುಗಳಲ್ಲಿ ನಡೆಯುವ ದೂರದ ಓಟವೇ ಟ್ರೇಲ್ ಓಟ. ನಮ್ಮ ಶಾಲಾ ಕಾಲೇಜುಗಳ ಗುಡ್ಡಗಾಡು ಓಟ ಇದರ ಹತ್ತಿರದ ಸಂಬಂಧಿ. ಆದರೆ ಗುಡ್ಡಗಾಡು ಓಟವು ಗೊತ್ತುಪಡಿಸಿದ ಮೈದಾನದಂಥ ಜಾಗದಲ್ಲಿ, ಕೆಲವೇ ಕಿಲೋಮೀಟರುಗಳಲ್ಲಿ ಮುಗಿಯುತ್ತದೆ. ಟ್ರೇಲ್ ಓಟ ಹಲವು ಗಂಟೆ, ಕೆಲವೊಮ್ಮೆ ಹಗಲು ರಾತ್ರಿ ನಡೆಯುತ್ತದೆ.

1974ರಲ್ಲಿ ಅಮೆರಿಕದ ಗಾರ್ಡಿ ಐನ್ಸ್‌ಲೀ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಸವಾರರಿಗೆಂದು ಏರ್ಪಟ್ಟಿದ್ದ 100 ಮೈಲಿಯ ದಾರಿಯನ್ನು ಕಾಲ್ನಡಿಗೆಯಲ್ಲೇ 24 ಗಂಟೆಯೊಳಗೆ ಓಡಿ ಮುಗಿಸಿದ. ಅದರಿಂದ ಹುಟ್ಟಿದ್ದು ವೆಸ್ಟರ್ನ್ ಸ್ಟೇಟ್ಸ್ ಓಟ. ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರವನ್ನು ಸುತ್ತುವ ಸುಮಾರು 170 ಕಿ.ಮೀ. ಓಟ 2003ರಲ್ಲಿ ಆರಂಭವಾಯಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು 2015ರಲ್ಲಿ ಟ್ರೇಲ್ ಓಟಕ್ಕೆ ಅಧಿಕೃತ ಮನ್ನಣೆ ನೀಡಿತು. ಕರ್ನಾಟಕದಲ್ಲಿ ಶ್ರೀರಂಗಪಟ್ಟಣದ ಬಳಿ ನಡೆದ ಕಾವೇರಿ ಟ್ರೇಲ್ ಮ್ಯಾರಥಾನ್ ಹಾಗೂ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾ ಈ ಕ್ರೀಡೆಯನ್ನು ಜನರಿಗೆ ಪರಿಚಯಿಸಿದವು.

ಇಲ್ಲಿ ದೂರವೊಂದೇ ಅಳತೆಯಲ್ಲ. ಅಂತರರಾಷ್ಟ್ರೀಯ ಟ್ರೇಲ್ ಓಟ ಸಂಘದ ಲೆಕ್ಕದಂತೆ ಪ್ರತಿ 100 ಮೀಟರ್ ಏರಿಕೆಯು ಒಂದು ಕಿಲೋಮೀಟರ್ ಹೆಚ್ಚುವರಿ ಶ್ರಮಕ್ಕೆ ಸಮ. ಅಂದರೆ 1,000 ಮೀಟರ್ ಏರಿಕೆಯಿರುವ 25 ಕಿ.ಮೀ. ಓಟಕ್ಕೆ 35 ಕಿ.ಮೀ. ಶ್ರಮ ಬೇಕು. ನೋಂದಣಿಗೆ ಮೊದಲು ಈ ಕೂಡುವಿಕೆಯನ್ನು ಮಾಡಿಕೊಳ್ಳುವುದು ಒಳಿತು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೆಲ

ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯು ಈ ಸೀಮೆಯನ್ನು ಹಾದು ಉತ್ತರಕ್ಕೆ ಸಾಗುತ್ತದೆ. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಲ್ಲಿನ ಬೋಳು ಬೆಟ್ಟಗಳು ಅದರ ಕೊಡುಗೆ.

ಮಧುಗಿರಿ: ಏಷ್ಯಾದ ಎರಡನೆಯ ಅತಿ ದೊಡ್ಡ ಏಕಶಿಲಾ ಬೆಟ್ಟವೆಂದು ಹೆಸರಾದ ಮಧುಗಿರಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿದೆ. ಪಟ್ಟಣದಿಂದ ಲೆಕ್ಕ ಹಾಕಿದರೆ ಏರಿಕೆ ಸುಮಾರು 400 ಮೀಟರ್. ಒಮ್ಮೆ ಹತ್ತಿದರೆ ನಾಲ್ಕು ಕಿಲೋಮೀಟರ್ ಹೆಚ್ಚುವರಿ ಓಟದ ಶ್ರಮ. ಕಡಿದಾದ ಕಡೆಗಳಲ್ಲಿ ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳಿದ್ದು, ನೆರಳು ವಿರಳ. ಇದು ಏರಿಕೆಯ ನಡಿಗೆಗೆ ಉತ್ತಮ ಸ್ಥಳವೇ ಹೊರತು ಓಡಿ ಇಳಿಯುವ ಸ್ಥಳವಲ್ಲ. ಮಳೆ ಬಿದ್ದ ಮೇಲೆ ಇಲ್ಲಿಗೆ ಹೋಗದಿರುವುದೇ ಲೇಸು. ಪಾಚಿ ಹಿಡಿದ ಗ್ರಾನೈಟಿನ ಮೇಲೆ ಯಾವ ಬೂಟೂ ನಿಲ್ಲದು.

ಕೊರಟಗೆರೆ: ಔಷಧಿ ಸಸ್ಯಗಳಿಗೆ ಖ್ಯಾತಿ ಪಡೆದ ಸಿದ್ಧರಬೆಟ್ಟ ಮತ್ತು ಕೋಟೆಯಿರುವ ಚನ್ನರಾಯನದುರ್ಗ ಈ ತಾಲ್ಲೂಕಿನಲ್ಲಿವೆ. ಸಿದ್ಧರಬೆಟ್ಟದ ಮೆಟ್ಟಿಲುಗಳು ಕಾಲಿನ ಬಲ ಬೆಳೆಸಲು ಸೂಕ್ತ. ಆದರೆ ಅದು ಯಾತ್ರಾಸ್ಥಳ. ಭಕ್ತರ ದಟ್ಟಣೆಯಿರುವ ದಿನಗಳಲ್ಲಿ ಅಲ್ಲಿ ಓಟ ಸಲ್ಲದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಭಾಗದಲ್ಲಿ ಹರಿದು, ಮಧುಗಿರಿ ತಾಲ್ಲೂಕನ್ನು ದಾಟಿ, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಪಾಲು ಕಾಲ ಬತ್ತಿರುವ ಈ ನದಿಯನ್ನು ನಂಬಿ ಖಾಲಿ ಬಾಟಲಿ ಹಿಡಿದು ಹೊರಡುವಂತಿಲ್ಲ.

ಶಿರಾ: 1687ರ ನಂತರ ಮೊಗಲರ ಸುಬಾ ಕೇಂದ್ರವಾಗಿದ್ದ ಶಿರಾ, ಹೆಚ್ಚಾಗಿ ಸಮತಟ್ಟಾದ ನೆಲ. ಕೆರೆ ಏರಿ, ಹೊಲದ ಬದಿಯ ಬಂಡಿ ಜಾಡುಗಳು ನಿಧಾನಗತಿಯ ದೀರ್ಘ ಓಟಕ್ಕೆ ಹೇಳಿಮಾಡಿಸಿದಂತಿವೆ. ಕಗ್ಗಲಡು ಗ್ರಾಮದ ಹುಣಿಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಅತ್ತ ಗುಂಪಾಗಿ ಓಡದೆ, ಬೇರೆ ದಾರಿ ಹಿಡಿಯುವುದು ಉಚಿತ.

ಪಾವಗಡ: ಬಹುತೇಕ ಆಂಧ್ರಪ್ರದೇಶದಿಂದ ಸುತ್ತುವರಿದ, ಕಡಿಮೆ ಮಳೆಯ ತಾಲ್ಲೂಕು. ಪಾವಗಡದ ಕೋಟೆ ಬೆಟ್ಟ ಮತ್ತು ನಿಡಗಲ್ಲು ದುರ್ಗ ಏರಿಕೆಗೆ ಒದಗುತ್ತವೆ. ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವೇ ಇಲ್ಲಿನ ಬಿಸಿಲಿಗೆ ಸಾಕ್ಷಿ. ಅಲ್ಲಿನ ನೇರ ರಸ್ತೆಗಳಲ್ಲಿ ಮರದ ನೆರಳನ್ನು ನಿರೀಕ್ಷಿಸಬಾರದು. ಬೇಲಿಯೊಳಗೆ ಪ್ರವೇಶವೂ ಇಲ್ಲ.

ಏರುವುದಕ್ಕಿಂತ ಇಳಿಯುವುದು ಕಠಿಣ

ಏರುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಹಗುರವೆನಿಸುತ್ತದೆ. ಆದರೆ ಸ್ನಾಯುವಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುತ್ತದೆ. ಇದರಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹರಿತಗಳಾಗಿ, 24ರಿಂದ 72 ಗಂಟೆಗಳಲ್ಲಿ ನೋವು ಉತ್ತುಂಗಕ್ಕೇರುತ್ತದೆ. ಓಟದ ಕೊನೆಯ ಭಾಗದಲ್ಲಿ ಕಾಲು ಕುಸಿಯುವುದಕ್ಕೂ ಕಣಕಾಲು ಉಳುಕುವುದಕ್ಕೂ ಇದೇ ಮುಖ್ಯ ಕಾರಣ.

ಸಮಾಧಾನದ ಸಂಗತಿಯೆಂದರೆ, ಒಮ್ಮೆ ಈ ಪೆಟ್ಟು ತಿಂದ ಸ್ನಾಯು ಮುಂದಿನ ಬಾರಿ ಅದೇ ಇಳಿಜಾರನ್ನು ಕಡಿಮೆ ನೋವಿನಿಂದ ಸಹಿಸುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಮಣ್ಣಿನ ಇಳಿಜಾರಿನಲ್ಲಿ ಅಭ್ಯಾಸ ಮಾಡಬೇಕು. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ತುಸು ಬಾಗಿರಲಿ, ದೃಷ್ಟಿ ಮೂರು ನಾಲ್ಕು ಹೆಜ್ಜೆ ಮುಂದಿರಲಿ. ಬೆಟ್ಟ ದೂರವಿರುವ ನಗರವಾಸಿಗಳು ಬಹುಮಹಡಿ ಕಟ್ಟಡದ ಮೆಟ್ಟಿಲುಗಳನ್ನು ಬಳಸಬಹುದು. ಹತ್ತಲು ಮಾತ್ರವಲ್ಲ, ಇಳಿಯಲೂ ಲಿಫ್ಟ್ ಬಿಟ್ಟು ಮೆಟ್ಟಿಲನ್ನೇ ಹಿಡಿಯಬೇಕು. ಬಸ್ಕಿ, ಒಂಟಿಕಾಲಿನಲ್ಲಿ ಮೆಟ್ಟಿಲಿಳಿಯುವ ಕಸರತ್ತು, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮಗಳು ವಾರಕ್ಕೆರಡು ಬಾರಿ ಇದ್ದರೆ ಸಾಕು.

ಕಡಿದಾದ ಏರಿನಲ್ಲಿ ನಡೆಯುವುದು ಅವಮಾನವಲ್ಲ. ವಿಶ್ವದ ಅಗ್ರ ಓಟಗಾರರೂ ತೊಡೆಯ ಮೇಲೆ ಕೈಯೂರಿ ನಡೆದೇ ಏರುತ್ತಾರೆ.

12 ವಾರಗಳ ಅಭ್ಯಾಸ

ಈಗಾಗಲೇ 10 ಕಿ.ಮೀ. ಆಯಾಸವಿಲ್ಲದೆ ಓಡಬಲ್ಲವರು 25ರಿಂದ 30 ಕಿ.ಮೀ. ಟ್ರೇಲ್ ಓಟಕ್ಕೆ ಸಿದ್ಧರಾಗಲು 12 ವಾರ ಬೇಕು.

1ರಿಂದ 4ನೇ ವಾರ: ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ಮಾತನಾಡುತ್ತಾ ಓಡಬಹುದಾದ ನಿಧಾನಗತಿ. ಒಂದು ದಿನ ಮಣ್ಣಿನ ದಾರಿಯಲ್ಲಿ 12ರಿಂದ 14 ಕಿ.ಮೀ. ಶಿರಾ ಸೀಮೆಯಂಥ ಸಮತಟ್ಟಾದ ಜಾಡು ಇದಕ್ಕೆ ಸಾಕು.

5ರಿಂದ 8ನೇ ವಾರ: ವಾರಕ್ಕೊಂದು ಬೆಟ್ಟದ ದಿನ. ಆರಂಭದಲ್ಲಿ 300 ಮೀಟರ್ ಏರಿಕೆ, ಎಂಟನೇ ವಾರಕ್ಕೆ 600 ಮೀಟರ್. ದೀರ್ಘ ಓಟವನ್ನು ದೂರದಿಂದಲ್ಲ, ಸಮಯದಿಂದ ಅಳೆಯಬೇಕು: ಎರಡರಿಂದ ಮೂರು ಗಂಟೆ. ಪ್ರತಿ ನಾಲ್ಕನೇ ವಾರ ಶ್ರಮವನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಬೇಕು.

9 ಮತ್ತು 10ನೇ ವಾರ: ಓಟದ ದಿನದ ತಾಲೀಮು. ಅಂದು ಧರಿಸುವ ಬೂಟು, ಹೊರುವ ಚೀಲ, ಕುಡಿಯುವ ನೀರು, ತಿನ್ನುವ ಆಹಾರ ಎಲ್ಲವನ್ನೂ ಬಳಸಿ ಮೂರೂವರೆಯಿಂದ ನಾಲ್ಕು ಗಂಟೆ ಬೆಟ್ಟ ಹಾಗೂ ಬಯಲಿನಲ್ಲಿ ಸಾಗಬೇಕು.

11 ಮತ್ತು 12ನೇ ವಾರ: ಓಟದ ದೂರವನ್ನು ಅರ್ಧಕ್ಕೆ ಇಳಿಸಬೇಕು. ಈ ಅವಧಿಯಲ್ಲಿ ಕಳೆದುಹೋದ ಅಭ್ಯಾಸವನ್ನು ತುಂಬಿಕೊಳ್ಳಲು ಹೊರಟವರು ದಣಿದ ಕಾಲಿನಲ್ಲೇ ಓಟಕ್ಕೆ ನಿಲ್ಲುತ್ತಾರೆ.

ಹೃದ್ರೋಗ, ಮಧುಮೇಹ, ಅಧಿಕ ರಕ್ತದೊತ್ತಡ ಇರುವವರು ಹಾಗೂ 40 ದಾಟಿ ಹೊಸದಾಗಿ ಓಟ ಆರಂಭಿಸುವವರು ಮೊದಲ ವಾರಕ್ಕೆ ಮುನ್ನವೇ ವೈದ್ಯರನ್ನು ಕಾಣುವುದು ಕಡ್ಡಾಯವೆಂದು ತಿಳಿಯಬೇಕು.

ಬಿಸಿಲಿಗೆ ದೇಹ ಪಳಗಲಿ

ಈ ಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಬಂಡೆಗಳು ಕಾದ ಹಂಚಿನಂತಾಗುತ್ತವೆ. ಸೂರ್ಯ ಮೇಲಿನಿಂದ ಸುಟ್ಟರೆ, ಬಂಡೆ ಕೆಳಗಿನಿಂದ ಕಾವು ಉಗುಳುತ್ತದೆ. ಸಂಜೆಯಾದರೂ ಬಂಡೆಯ ಕಾವು ಬೇಗ ಆರದು. ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಅವಧಿಯೇ ಸರಿ. ಇಲ್ಲಿ ಮಳೆ ಹೆಚ್ಚಾಗಿ ಸೆಪ್ಟೆಂಬರ್ ಹಾಗೂ ಅಕ್ಟೋಬರ್‌ನಲ್ಲಿ ಬೀಳುವುದರಿಂದ, ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗಿನ ಕಾಲ ಅಭ್ಯಾಸಕ್ಕೆ ಅತ್ಯಂತ ಅನುಕೂಲ.

ದೇಹ ಬಿಸಿಲಿಗೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ದಿನಕ್ಕೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಬೆಚ್ಚನೆಯ ಹೊತ್ತಿನಲ್ಲಿ ನಿಧಾನವಾಗಿ ಓಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಹವಾನಿಯಂತ್ರಿತ ಕಚೇರಿ ಮತ್ತು ವ್ಯಾಯಾಮಶಾಲೆಗಳ ನಡುವೆ ದಿನ ಕಳೆಯುವವರಿಗೆ ಈ ಹೊಂದಾಣಿಕೆ ತಾನಾಗಿ ಬರುವುದಿಲ್ಲ. ಅಭ್ಯಾಸ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಕಳೆದುಹೋಗುತ್ತದೆ.

ಉಷ್ಣಾಘಾತವು ಓಟಗಾರನ ಪ್ರಾಣಕ್ಕೇ ಎರವಾಗಬಲ್ಲದು. ಮಾತು ತೊದಲುವುದು, ದಿಕ್ಕು ತಪ್ಪುವುದು, ತೂರಾಡುವುದು, ಕಾರಣವಿಲ್ಲದ ಸಿಟ್ಟು ಇದರ ಲಕ್ಷಣಗಳು. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕೆಂದಿಲ್ಲ. ಇಂಥ ಸ್ಥಿತಿಯಲ್ಲಿ ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕೈಕಟ್ಟಿ ಕೂರಬಾರದು. ಮೊದಲು ತಂಪು, ನಂತರ ಸಾಗಣೆ ಎಂಬುದು ಕ್ರೀಡಾ ವೈದ್ಯಕೀಯದ ಸೂತ್ರ. ಕೊಳವೆಬಾವಿಯ ಬಳಿಯ ತೊಟ್ಟಿ, ದನಕರುಗಳ ನೀರಿನ ತೊಟ್ಟಿ ಯಾವುದು ಸಿಕ್ಕರೂ ತಲೆಯನ್ನು ಮೇಲೆ ಹಿಡಿದು ಕುತ್ತಿಗೆಯವರೆಗೆ ನೀರಿನಲ್ಲಿ ಕೂರಿಸಬೇಕು. ತೊಟ್ಟಿ ಇಲ್ಲದಿದ್ದರೆ ಮೈಮೇಲೆ ಎಡೆಬಿಡದೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು.

ನೀರೆಷ್ಟು, ಉಪ್ಪೆಷ್ಟು?

ಬೆವರು ಒಬ್ಬೊಬ್ಬರಿಗೆ ಒಂದೊಂದು ಬಗೆ. ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೂ ಹೋಗಬಹುದು. ತಿಳಿಯುವ ವಿಧಾನ ಸರಳ: ಒಂದು ಗಂಟೆಯ ಓಟಕ್ಕೆ ಮೊದಲು ಮತ್ತು ನಂತರ ಕಡಿಮೆ ಬಟ್ಟೆಯಲ್ಲಿ ತೂಕ ನೋಡಬೇಕು. ನಡುವೆ ಏನೂ ಕುಡಿಯದೆ ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರಿದಂತೆ. ಬಹುತೇಕರಿಗೆ ಗಂಟೆಗೆ 400ರಿಂದ 800 ಮಿ.ಲೀ. ನೀರು ಸಾಕಾಗುತ್ತದೆ. ಬಾಯಾರಿಕೆಯೇ ಉತ್ತಮ ಮಾರ್ಗದರ್ಶಿ.

ಅತಿಯಾಗಿ ಕುಡಿಯುವುದೂ ಅಪಾಯವೇ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿದು, ಮೆದುಳು ಊದಿಕೊಳ್ಳಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನ ಓಟಗಾರರನ್ನು ಪರೀಕ್ಷಿಸಿದ ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ರಕ್ತ ಪರೀಕ್ಷೆಗೊಳಗಾದ 488 ಮಂದಿಯ ಪೈಕಿ ಶೇ 13ರಷ್ಟು ಜನರಲ್ಲಿ ಸೋಡಿಯಂ ಕೊರತೆ ಕಂಡುಬಂದಿತ್ತು. ಓಟದ ನಂತರ ತೂಕ ಹೆಚ್ಚಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ ಎಂದೇ ಅರ್ಥ.

ಮನೆಯಲ್ಲೇ ಪುನರ್ಜಲೀಕರಣ ದ್ರಾವಣ ತಯಾರಿಸಲು ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಸಾಕು. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಈ ಸೀಮೆಯ ರೈತರು ಹೊಲದ ಬಿಸಿಲಿಗೆ ತಲೆಮಾರುಗಳಿಂದ ನಂಬಿದ ಪಾನೀಯಗಳು. ಅಭ್ಯಾಸದ ದಿನಗಳಿಗೆ ಅವು ಯಾವ ವಿದೇಶಿ ಪುಡಿಗೂ ಕಡಿಮೆಯಲ್ಲ.

ಪಾವಗಡ ಸೇರಿದಂತೆ ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ದಶಕಗಳ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಗರಿಷ್ಠ ಮಿತಿ ಲೀಟರಿಗೆ 1.5 ಮಿ.ಗ್ರಾಂ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಮತ್ತಷ್ಟು ಸಾಂದ್ರವಾಗುತ್ತದೆ. ಒಂದು ದಿನ ಬಂದು ಹೋಗುವ ಓಟಗಾರನಿಗೆ ಇದರಿಂದ ಹಾನಿ ಕಡಿಮೆ. ತೊಂದರೆ ಅನುಭವಿಸುವವರು ಅದನ್ನೇ ಬದುಕಿಡೀ ಕುಡಿಯುವ ಗ್ರಾಮಸ್ಥರು. ಗ್ರಾಮದ ಶುದ್ಧ ನೀರಿನ ಘಟಕದಿಂದ ನೀರು ತುಂಬಿಸಿಕೊಳ್ಳುವಾಗ ಸರದಿಯಲ್ಲಿ ನಿಂತು, ಹಣ ತೆತ್ತು, ಅಗತ್ಯವಿದ್ದಷ್ಟೇ ಪಡೆಯುವುದು ಸೌಜನ್ಯ. ನೂರಾರು ಮಂದಿಯ ಓಟ ಏರ್ಪಡಿಸುವವರು ನೀರನ್ನು ಹೊರಗಿನಿಂದಲೇ ತರಬೇಕು.

ಆಹಾರ ಮತ್ತು ಸಾಮಗ್ರಿ

ಒಂದೂವರೆ ಗಂಟೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಎರಡು ಬಾಳೆಹಣ್ಣು ಅಥವಾ ಒಂದು ಹಿಡಿ ಖರ್ಜೂರದಿಂದ ಇದನ್ನು ಪೂರೈಸಬಹುದು. ಶೇಂಗಾ ಬೆಳೆಯುವ ಈ ಸೀಮೆಯ ಕಡಲೆ ಮಿಠಾಯಿ ಜೇಬಿಗೂ ಹಗುರ. ಓಟದ ಹಿಂದಿನ ರಾತ್ರಿ ಹೊಸ ತಿನಿಸಿನ ಪ್ರಯೋಗ ಬೇಡ. ಓಟದ ನಡುವೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಅಪಾಯಕಾರಿ. ಓಟದ ನಂತರ ಮೂತ್ರವು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೂಟಿನ ಅಟ್ಟೆಯಲ್ಲಿ ಹಿಡಿತದ ಹಲ್ಲುಗಳಿರಲಿ, ಆದರೆ ಕೆಸರಿಗೆಂದು ಮಾಡಿದ ಉದ್ದ ಹಲ್ಲು ಒಣ ಬಂಡೆಗೆ ಹೊಂದದು. ಬಳ್ಳಾರಿ ಜಾಲಿಯ ಮುಳ್ಳು ತೆಳು ಅಟ್ಟೆಯನ್ನು ಸುಲಭವಾಗಿ ತೂರುತ್ತದೆ. ಬೆರಳಿನ ತುದಿಗೆ ಅರ್ಧ ಅಂಗುಲ ಜಾಗವಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗದು. ಕನಿಷ್ಠ ಒಂದೂವರೆ ಲೀಟರ್ ನೀರು ಹಿಡಿಯುವ ಚೀಲ, ಅಂಚುಳ್ಳ ಟೋಪಿ, ಸೀಟಿ, ತಲೆದೀಪ, ಅಗಲ ಬ್ಯಾಂಡೇಜ್, ಚಾರ್ಜ್ ತುಂಬಿದ ಮೊಬೈಲ್ ಫೋನ್ ಮತ್ತು ಅದರಲ್ಲಿ ಮೊದಲೇ ಉಳಿಸಿಕೊಂಡ ನಕ್ಷೆ ಜತೆಗಿರಲಿ.

ಹೆಜ್ಜೇನು, ಕರಡಿ, ಹಾವು

ಮಧುಗಿರಿಯ ಹೆಸರಿಗೂ ಜೇನಿಗೂ ನಂಟು ಹೇಳುವುದುಂಟು. ಈ ಸೀಮೆಯ ಬಂಡೆ ಕೋಡುಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಹೊಗೆ, ಕೂಗಾಟ, ಗಾಢ ಸುಗಂಧ ಅವನ್ನು ಕೆರಳಿಸುತ್ತವೆ. ದಾಳಿ ಮಾಡಿದರೆ ಕೈಬೀಸದೆ, ಮುಖ ಮುಚ್ಚಿಕೊಂಡು ಸಾಧ್ಯವಾದಷ್ಟು ದೂರ ಓಡುವುದೇ ದಾರಿ. ಆದರೆ ಕಡಿದಾದ ಬಂಡೆಯ ಮೇಲೆ ಕುರುಡಾಗಿ ಓಡುವುದು ಜೇನಿಗಿಂತ ಅಪಾಯಕಾರಿ.

ಜಿಲ್ಲೆಯ ತಿಮ್ಮಲಾಪುರ ವನ್ಯಜೀವಿಧಾಮ ಕರಡಿಗಳ ನೆಲೆ. ಕರಡಿ ಮುಂಜಾನೆ, ಮುಸ್ಸಂಜೆ ಹಾಗೂ ರಾತ್ರಿ ಸಂಚರಿಸುತ್ತದೆ. ಓಟಗಾರರು ಬಿಸಿಲು ತಪ್ಪಿಸಿಕೊಳ್ಳಲು ಆರಿಸಿಕೊಳ್ಳುವ ಹೊತ್ತೂ ಅದೇ. ಸದ್ದಿಲ್ಲದೆ ವೇಗವಾಗಿ ಬರುವ ಮನುಷ್ಯನನ್ನು ಕಂಡು ಬೆದರಿದ ಕರಡಿ ಮೇಲೆ ಬೀಳುತ್ತದೆ. ಆದ್ದರಿಂದ ಕುರುಚಲು ಕಾಡಿನ ಅಂಚಿನಲ್ಲಿ ಬೆಳಕು ಹರಿಯುವ ಮುನ್ನ ಓಡಬಾರದು. ಒಬ್ಬರೇ ಹೋಗಬಾರದು. ಮಾತನಾಡುತ್ತಾ ಸಾಗಬೇಕು. ಕಿವಿಗೆ ಇಯರ್‌ಫೋನ್ ಬೇಡ.

ಕಲ್ಲುಗುಡ್ಡೆಗಳಲ್ಲಿ ಕೊಳಕುಮಂಡಲ, ನಾಗರಹಾವುಗಳಿರುತ್ತವೆ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ದಾರ ಕಟ್ಟುವುದು, ನಾಟಿ ಮದ್ದಿಗಾಗಿ ಅಲೆಯುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವ್ಯಕ್ತಿಯನ್ನು ನಡೆಸದೆ ಆಸ್ಪತ್ರೆಗೆ ಸಾಗಿಸಬೇಕು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳಿವೆ. 108ಕ್ಕೆ ಕರೆ ಮಾಡುವಾಗ, ವಿಶೇಷವಾಗಿ ಆಂಧ್ರದ ಗಡಿಯಂಚಿನಲ್ಲಿ, ಗ್ರಾಮ, ತಾಲ್ಲೂಕು ಮತ್ತು ಜಿಲ್ಲೆಯ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು.

ಅನುಮತಿ ಮರೆಯದಿರಿ

ಮಧುಗಿರಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ದಾರಿ ತೋರಿಸಲು ಬಂಡೆಯ ಮೇಲೆ ಬಣ್ಣದ ಬಾಣ ಬರೆದರೆ ಸ್ಮಾರಕಕ್ಕೆ ಹಾನಿ ಮಾಡಿದಂತೆ. 2010ರ ತಿದ್ದುಪಡಿಯ ಪ್ರಕಾರ ಇಂಥ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದ ಪ್ರವೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ. ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ವ್ಯವಸ್ಥೆ 2024ರಲ್ಲಿ ಜಾರಿಗೆ ಬಂದಿದ್ದು, ಹೊರಡುವ ಮುನ್ನ ಪರಿಶೀಲಿಸಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಅದರೊಳಗೆ ಓಟದ ಮಾರ್ಗ ಎಳೆಯುವುದು ತರವಲ್ಲ. ಹೊಲದ ಬದುವಿನ ಮೇಲೆ ಹೋಗುವ ಮುನ್ನ ರೈತರನ್ನು ಒಂದು ಮಾತು ಕೇಳುವುದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ.

ಬಿಟ್ಟುಬರುವುದೂ ಸಿದ್ಧತೆಯ ಭಾಗ

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ 100 ಕಿ.ಮೀ. ಬೆಟ್ಟದ ಓಟದಲ್ಲಿ ಹವಾಮಾನ ಹಠಾತ್ತನೆ ಕೆಟ್ಟು, ಚಳಿಯಿಂದ 21 ಓಟಗಾರರು ಮೃತಪಟ್ಟರು. ಸತ್ತವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಆ ದಿನ ಆರು ಮಂದಿಯನ್ನು ಗುಹೆಯೊಂದಕ್ಕೆ ಕರೆತಂದು ಉಳಿಸಿದವನು ಒಬ್ಬ ಸ್ಥಳೀಯ ಕುರಿಗಾಹಿ.

ಅಲ್ಲಿ ಚಳಿ, ಇಲ್ಲಿ ಬಿಸಿಲು, ಪಾಠ ಒಂದೇ. ಪ್ರಕೃತಿ ಮುನಿದಾಗ ಓಟಗಾರನ ಅನುಭವವಾಗಲಿ, ಪದಕಗಳಾಗಲಿ ರಕ್ಷಣೆಗೆ ಬರುವುದಿಲ್ಲ. ಶಿರಾ, ಪಾವಗಡದ ಬಯಲುಗಳಲ್ಲಿಯೂ ಕುರಿಗಾಹಿಗಳು ದಿನವಿಡೀ ಇರುತ್ತಾರೆ. ಯಾವ ಹಳ್ಳದಲ್ಲಿ ನೀರಿದೆ, ಯಾವ ಗುಡ್ಡದಲ್ಲಿ ಕರಡಿಯಿದೆ, ಹತ್ತಿರದ ದಾರಿ ಯಾವುದು ಎಂಬುದು ಮೊಬೈಲ್ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಓಡುವ ಮಾರ್ಗವನ್ನು ಒಮ್ಮೆ ನಡೆದು ನೋಡಿ, ದಾರಿಯಲ್ಲಿ ಸಿಕ್ಕವರೊಡನೆ ಮಾತನಾಡಿ ಬರುವುದು ಅಭ್ಯಾಸದ ಅತ್ಯುತ್ತಮ ದಿನವಾದೀತು.

ಓಟಕ್ಕೆ ಹೊರಡುವ ಮುನ್ನವೇ ನಿಲ್ಲುವ ನಿಯಮಗಳನ್ನು ನಿರ್ಧರಿಸಿಕೊಳ್ಳಬೇಕು. ಚೀಲದ ನೀರು ಮುಗಿದು ಮುಂದಿನ ನೀರಿನ ತಾಣ ಅರ್ಧ ಗಂಟೆಗಿಂತ ದೂರವಿದ್ದರೆ, ನೆರಳಿನಲ್ಲಿ ಹತ್ತು ನಿಮಿಷ ಕುಳಿತರೂ ತಲೆಸುತ್ತು ನಿಲ್ಲದಿದ್ದರೆ, ಬಂಡೆಯ ಮೇಲಿರುವಾಗ ಮಳೆ ಇಲ್ಲವೇ ಗುಡುಗು ಆರಂಭವಾದರೆ ಮುಂದುವರಿಯಬಾರದು. ಮನೆಯವರಿಗೆ ಮಾರ್ಗವನ್ನೂ ಮರಳುವ ಸಮಯವನ್ನೂ ತಿಳಿಸಿರಬೇಕು. ಬೆಟ್ಟ ಇಂದು ನಾಳೆ ಎಲ್ಲಿಗೂ ಹೋಗುವುದಿಲ್ಲ. ಮತ್ತೊಂದು ಬೆಳಿಗ್ಗೆ ಬಂದು ಹತ್ತಲು ಓಟಗಾರ ಕ್ಷೇಮವಾಗಿರಬೇಕು, ಅಷ್ಟೆ.